ಒಳಗೆ, ಮೇಲೆ, ತೀರದಾಚೆಯಿಂದ: ಯುದ್ಧದ ದುಡ್ಡಿಗೆ ಬೀಗ ಹಾಕಿದ ಕಥೆ

1965ರ ಮೇ 4ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅಲ್ಲಿನ ಕಾಂಗ್ರೆಸ್ಸಿನಿಂದ 70 ಕೋಟಿ ಡಾಲರ್ ಕೇಳಿದರು, ವಿಯೆಟ್ನಾಂನಲ್ಲಿದ್ದ ಸೇನೆಗೆಂದು. ಕಾಂಗ್ರೆಸ್ ಎಂದರೆ ನಮಗೆ ಪಕ್ಷ ನೆನಪಾಗುತ್ತದೆ. ಅಲ್ಲಿ ಅದು ಸಂಸತ್ತಿನ ಹೆಸರು. ಪ್ರತಿನಿಧಿ ಸಭೆ, ಸೆನೆಟ್ ಎಂದು ಎರಡು ಸದನ. ಹಣ ಕೇಳುವಾಗ ಜಾನ್ಸನ್ ಒಂದು ಮಾತು ಸೇರಿಸಿದರು. ಇದು ಮಾಮೂಲಿ ಅನುದಾನವಲ್ಲ, ಇದಕ್ಕೆ ಮತ ಕೊಡುವ ಪ್ರತಿಯೊಬ್ಬರೂ ವಿಯೆಟ್ನಾಂನಲ್ಲಿ ನಮ್ಮ ಪ್ರಯತ್ನ ಮುಂದುವರಿಯಲಿ ಎಂದೂ ಮತ ಕೊಟ್ಟಂತೆ, ಎಂದು. ಅಂದರೆ ದುಡ್ಡಿನ ಜೊತೆಗೆ ಅವರಿಗೆ ರುಜು ಬೇಕಿತ್ತು. ಮೂರೇ ದಿನದಲ್ಲಿ ಮಸೂದೆ ಕಾನೂನಾಯಿತು. ಪ್ರತಿನಿಧಿ ಸಭೆಯಲ್ಲಿ 408 ಪರ, 7 ವಿರುದ್ಧ. ಸೆನೆಟ್‌ನಲ್ಲಿ 88 ಪರ, 3 ವಿರುದ್ಧ.

ಈ ಒಂದು ಮತದಾನವನ್ನು ನೀವು ನೆನಪಿನಲ್ಲಿಟ್ಟುಕೊಂಡರೆ ಇವತ್ತಿನ ಮಾತು ಅರ್ಧ ಮುಗಿದಂತೆ. ಮುಂದಿನ ಎಂಟು ವರ್ಷ ಆ ಸಂಸತ್ತು ತಾನು ಕೊಟ್ಟ ರುಜುವನ್ನು ಹಿಂದಕ್ಕೆ ಪಡೆಯಲು ಪಟ್ಟ ಪಾಡೇ ಉಳಿದರ್ಧ.

ಅಮೆರಿಕದ ಸಂವಿಧಾನ ಯುದ್ಧದ ಅಧಿಕಾರವನ್ನು ಒಬ್ಬರ ಕೈಗೆ ಒಪ್ಪಿಸಲಿಲ್ಲ. ಯುದ್ಧ ಘೋಷಿಸುವುದು ಕಾಂಗ್ರೆಸ್ಸಿನ ಅಧಿಕಾರ. ಸೇನೆಯ ಮಹಾದಂಡನಾಯಕ ಅಧ್ಯಕ್ಷ. ಬೊಕ್ಕಸದ ಬೀಗದ ಕೈ ಮತ್ತೆ ಕಾಂಗ್ರೆಸ್ಸಿನ ಹತ್ತಿರವೇ. ಅಷ್ಟು ಸಾಲದೆಂದು ಇನ್ನೊಂದು ಕಟ್ಟು ಹಾಕಿದರು: ಭೂಸೇನೆಗೆ ಕೊಡುವ ಹಣ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಯದ್ದಾಗಿರಕೂಡದು. ಪ್ರತಿ ಎರಡು ವರ್ಷಕ್ಕೊಮ್ಮೆ ಹೊಸದಾಗಿ ಚುನಾಯಿತವಾಗುವ ಪ್ರತಿನಿಧಿ ಸಭೆ ಸೇನೆಗೆ ಹೊಸದಾಗಿ ಹೂಂ ಎನ್ನಬೇಕು. ನೌಕಾಪಡೆಗೆ ಈ ಮಿತಿ ಇಲ್ಲ. ಹಡಗುಗಳು ಊರೊಳಗೆ ನುಗ್ಗಿ ಜನರ ಸ್ವಾತಂತ್ರ್ಯ ಕಸಿಯಲಾರವು, ಭೂಸೇನೆ ಕಸಿದೀತು ಎಂಬ ಭಯ ಆ ಕಾಲದವರಿಗೆ.

ಆ ಭಯ ಇಂಗ್ಲೆಂಡಿನಿಂದ ಬಂದದ್ದು. ಒಂದನೇ ಚಾರ್ಲ್ಸ್ ದೊರೆ ಹನ್ನೊಂದು ವರ್ಷ ಸಂಸತ್ತನ್ನೇ ಕರೆಯದೆ, ಹಡಗು ತೆರಿಗೆಯಂಥ ಹಳೆಯ ಹಕ್ಕುಗಳನ್ನು ಕೆದಕಿ ದುಡ್ಡು ಎತ್ತುತ್ತ ಕಾಲ ತಳ್ಳಿದ. ಸ್ಕಾಟರ ಜೊತೆ ಯುದ್ಧ ಬಿದ್ದಾಗ ಬೊಕ್ಕಸ ಬರಿದಾಗಿ, 1640ರಲ್ಲಿ ಸಂಸತ್ತನ್ನು ಕರೆಯಲೇಬೇಕಾಯಿತು. ಮುಂದೆ ಅಂತರ್ಯುದ್ಧವಾಗಿ ಆತನ ತಲೆಯೇ ಹೋಯಿತು. 1689ರ ಹಕ್ಕುಗಳ ಮಸೂದೆಯಲ್ಲಿ, ಶಾಂತಿಕಾಲದಲ್ಲಿ ಸಂಸತ್ತಿನ ಒಪ್ಪಿಗೆಯಿಲ್ಲದೆ ಕಾಯಂ ಸೇನೆ ಇಡುವುದು ಕಾನೂನುಬಾಹಿರ ಎಂದು ಬರೆದರು.

ನಮ್ಮ ಸಂವಿಧಾನದಲ್ಲೂ ಇದೇ ಬೇರು ಇದೆ. 114ನೇ ವಿಧಿಯ ಪ್ರಕಾರ ಧನವಿನಿಯೋಗ ಕಾನೂನು ಇಲ್ಲದೆ ಸಂಚಿತ ನಿಧಿಯಿಂದ ಒಂದು ಪೈಸೆಯನ್ನೂ ತೆಗೆಯುವಂತಿಲ್ಲ. ಅನುದಾನದ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕು ಎಂದು ಲೋಕಸಭೆಯಲ್ಲಿ ಪ್ರಸ್ತಾವ ತಂದು ನೀತಿಯನ್ನೇ ವಿರೋಧಿಸಬಹುದು. ಆದರೆ ಅಂಥ ಪ್ರಸ್ತಾವ ಗೆದ್ದರೆ ಸರಕಾರ ಬಹುಮತ ಕಳೆದುಕೊಂಡಂತೆ. ಆಳುವ ಪಕ್ಷದ ಸದಸ್ಯ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಯುದ್ಧಕ್ಕೆ ಸಂಸತ್ತಿನ ಪೂರ್ವಾನುಮತಿ ಬೇಕೆಂಬ ವಿಧಿಯೂ ನಮ್ಮಲ್ಲಿಲ್ಲ. 1987ರ ಜುಲೈನಲ್ಲಿ ಶ್ರೀಲಂಕಾ ಒಪ್ಪಂದವಾದ ಕೂಡಲೇ ನಮ್ಮ ಶಾಂತಿಪಾಲನಾ ಪಡೆ ಜಾಫ್ನಾಕ್ಕೆ ಇಳಿಯಿತು. ಕೊನೆಯ ತುಕಡಿ ಮರಳಿದ್ದು 1990ರ ಮಾರ್ಚ್‌ನಲ್ಲಿ. ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿ ಪ್ರಾಣ ಬಿಟ್ಟರು. ಕಳಿಸಲು ಸಂಸತ್ತಿನ ಮತ ಬೇಕಿರಲಿಲ್ಲ, ಕರೆಸಲೂ ಬೇಕಿರಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ದುಡ್ಡಿಗೆ ತಡೆ ಹಾಕಿದರೆ ಅಧ್ಯಕ್ಷರ ಕುರ್ಚಿ ಬೀಳುವುದಿಲ್ಲ. ಆದ್ದರಿಂದಲೇ ಈ ಪ್ರಯೋಗವನ್ನು ಅಲ್ಲಿ ನೋಡಬೇಕು.

ಅಧಿಕಾರ ಇಷ್ಟು ಸ್ಪಷ್ಟವಾಗಿದ್ದರೂ ಬೀಗದ ಕೈ ತಿರುಗಿಸುವುದು ಯಾಕೆ ಕಷ್ಟ? ಲಿಂಕನ್ ಅವರ ಉದಾಹರಣೆ ಕೊಡುತ್ತೇನೆ. ಅಧ್ಯಕ್ಷರಾಗುವುದಕ್ಕೆ ಮೊದಲು, ಮೆಕ್ಸಿಕೋ ಯುದ್ಧದ ಸಮಯದಲ್ಲಿ, ಅವರು ಒಂದು ಅವಧಿಗೆ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. 1848ರ ಜನವರಿಯಲ್ಲಿ ಆ ಸಭೆ, ಈ ಯುದ್ಧವನ್ನು ಅಧ್ಯಕ್ಷರು ಅನಗತ್ಯವಾಗಿ ಮತ್ತು ಸಂವಿಧಾನಬಾಹಿರವಾಗಿ ಆರಂಭಿಸಿದರು ಎಂದು 85–81 ಮತಗಳಿಂದ ನಿರ್ಣಯಿಸಿತು. ಲಿಂಕನ್ ಪರವಾಗಿ ಮತ ಹಾಕಿದರು. ಅದೇ ಲಿಂಕನ್, ಅದೇ ಯುದ್ಧದಲ್ಲಿದ್ದ ಸೈನಿಕರ ಸರಬರಾಜಿನ ಹಣಕ್ಕೂ ಪರವಾಗಿಯೇ ಮತ ಹಾಕುತ್ತ ಬಂದರು. ಇದನ್ನು ಇಬ್ಬಂದಿತನ ಎಂದು ನಾನು ಕರೆಯಲಾರೆ. ರಣರಂಗದಲ್ಲಿ ನಿಂತಿರುವ ಹುಡುಗನ ಬುತ್ತಿ ಕಿತ್ತುಕೊಳ್ಳಲು ಯಾರ ಕೈ ಏಳುತ್ತದೆ? ಕಳಿಸಿದವರು ತಪ್ಪು ಮಾಡಿರಬಹುದು, ಹೋದವನು ಮಾಡಿಲ್ಲವಲ್ಲ. ವಿಯೆಟ್ನಾಂ ಯುದ್ಧದುದ್ದಕ್ಕೂ ಒಂದೊಂದು ಹಣಕಾಸು ಮಸೂದೆ ಬಂದಾಗಲೂ ಈ ಸಂಕಟವೇ ಎದುರು ನಿಂತಿತು.

1964ರ ಆಗಸ್ಟ್‌ನಲ್ಲಿ, ವಿಯೆಟ್ನಾಂ ಭಾಗದಲ್ಲಿ ಸೇನಾಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಟಾಂಕಿನ್ ಕೊಲ್ಲಿ ನಿರ್ಣಯ ಬಂದಾಗ ವಿರೋಧಿಸಿದವರು ಎರಡೂ ಸದನ ಸೇರಿ ಇಬ್ಬರೇ: ಒರೆಗನ್ನಿನ ವೇಯ್ನ್ ಮೋರ್ಸ್, ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ 1968ರಲ್ಲಿ ಸ್ಥಾನ ಕಳೆದುಕೊಂಡರು. ಅಷ್ಟು ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ವಿಯೆಟ್ನಾಂನಲ್ಲಿದ್ದರು.

ಮೊದಲ ಬೀಗ ಬಿದ್ದದ್ದು ವಿಯೆಟ್ನಾಂಗೆ ಅಲ್ಲ ಎಂಬುದನ್ನು ಗಮನಿಸಿ. ಬಿದ್ದದ್ದು ಯುದ್ಧ ಇನ್ನೂ ಬಹಿರಂಗವಾಗಿ ಕಾಲಿಡದ ನೆರೆಮನೆಗಳಿಗೆ. 1969ರ ಡಿಸೆಂಬರ್‌ನಲ್ಲಿ, ಲಾವೋಸ್ ಮತ್ತು ಥಾಯ್ಲೆಂಡ್‌ಗೆ ನೆಲದ ಮೇಲೆ ಕಾದುವ ಪಡೆ ಕಳಿಸಲು ಈ ಹಣ ಬಳಸಕೂಡದು ಎಂಬ ತಿದ್ದುಪಡಿ ರಕ್ಷಣಾ ಅನುದಾನಕ್ಕೆ ಸೇರಿತು. ತಂದವರು ಜಾನ್ ಶೆರ್ಮನ್ ಕೂಪರ್ ಮತ್ತು ಫ್ರಾಂಕ್ ಚರ್ಚ್. ಕೂಪರ್ ಕೆಂಟಕಿಯ ರಿಪಬ್ಲಿಕನ್, ಅಂದರೆ ಅಧ್ಯಕ್ಷ ನಿಕ್ಸನ್ ಅವರ ಪಕ್ಷದವರೇ. 1955–56ರಲ್ಲಿ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ಏಷ್ಯಾದ ದೇಶವೊಂದನ್ನು ಅದರ ರಾಜಧಾನಿಯಲ್ಲೇ ಕೂತು ನೋಡಿದ ಮನುಷ್ಯ. ಅದಕ್ಕೂ ಈ ತಿದ್ದುಪಡಿಗೂ ನಂಟಿರಬಹುದೆಂದು ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ ಅಷ್ಟೆ. ಇಬ್ಬರೂ ತಮ್ಮ ತಿದ್ದುಪಡಿಯಲ್ಲಿ ಕಾಂಬೋಡಿಯಾದ ಹೆಸರು ಸೇರಿಸಿರಲಿಲ್ಲ.

ನಾಲ್ಕು ತಿಂಗಳ ಮೇಲೆ, 1970ರ ಏಪ್ರಿಲ್ 30ರ ರಾತ್ರಿ, ನಿಕ್ಸನ್ ಟಿವಿಯಲ್ಲಿ ಬಂದು ಅಮೆರಿಕದ ಸೇನೆ ಕಾಂಬೋಡಿಯಾವನ್ನು ಹೊಕ್ಕಿದೆ ಎಂದರು. ಕಾಲೇಜುಗಳು ಹೊತ್ತಿ ಉರಿದವು. ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತರು. ಜಾನ್ಸನ್ 70 ಕೋಟಿ ಕೇಳಿದ ದಿನಕ್ಕೆ ಸರಿಯಾಗಿ ಐದು ವರ್ಷ.

ಕೂಪರ್ ಮತ್ತು ಚರ್ಚ್ ಮತ್ತೆ ತಿದ್ದುಪಡಿ ತಂದರು, ಈ ಸಲ ಕಾಂಬೋಡಿಯಾದ ಹೆಸರು ಬರೆದು. ಸೆನೆಟ್ ಸುಮಾರು ಏಳು ವಾರ ಚರ್ಚಿಸಿ ಜೂನ್ 30ರಂದು 58–37ರಿಂದ ಒಪ್ಪಿತು. ನಿಕ್ಸನ್ ತಮ್ಮ ನೆಲದ ಪಡೆಯನ್ನು ಅದೇ ಜೂನ್ 30ಕ್ಕೆ ಹಿಂದಕ್ಕೆ ಕರೆಸಿದ್ದರು. ಪ್ರತಿನಿಧಿ ಸಭೆ ತಿದ್ದುಪಡಿಯನ್ನು ಒಪ್ಪಲಿಲ್ಲ. ಜಗ್ಗಾಡಿ, ಮೆದುಗೊಳಿಸಿ, 1971ರ ಜನವರಿಯಲ್ಲಿ ಅದು ಕಾನೂನಾಯಿತು: ಕಾಂಬೋಡಿಯಾಕ್ಕೆ ಅಮೆರಿಕದ ನೆಲದ ಪಡೆ ಹೋಗಕೂಡದು, ಸೇನಾ ಸಲಹೆಗಾರರೂ ಹೋಗಕೂಡದು. ಬಾಂಬಿನ ಮಾತು ಅದರಲ್ಲಿ ಇರಲಿಲ್ಲ.

ಕಾನೂನು ಕೆಲಸ ಮಾಡಿತೇ ಎಂದು ಕೇಳಿದರೆ, ಮಾಡಿತು, ಬರೆದಷ್ಟು. 1971ರ ಫೆಬ್ರವರಿಯಲ್ಲಿ ದಕ್ಷಿಣ ವಿಯೆಟ್ನಾಂ ಸೇನೆ ಲಾವೋಸ್‌ಗೆ ನುಗ್ಗಿದಾಗ ಅಮೆರಿಕದ ನೆಲದ ಸೈನಿಕರು ಗಡಿಯಲ್ಲೇ ನಿಂತರು, ಸಲಹೆಗಾರರೂ ಗಡಿ ದಾಟಲಿಲ್ಲ. ಹೆಲಿಕಾಪ್ಟರುಗಳು, ಬಾಂಬರುಗಳು ದಾಟಿದವು. ಕಾಂಬೋಡಿಯಾದಲ್ಲೂ ಅಷ್ಟೇ. ನೆಲಕ್ಕೆ ಬೀಗ, ಆಕಾಶ ತೆರೆದೇ ಇತ್ತು. ಇಡೀ ಮಾತಿನಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಸಂಸತ್ತು ಯುದ್ಧವನ್ನು ತಡೆಯುವುದು ಭಾಷಣದಿಂದಲ್ಲ, ವಾಕ್ಯದಿಂದ. ಆ ವಾಕ್ಯದಲ್ಲಿ ಒಂದು ಪದ ತಪ್ಪಿದರೆ ಯುದ್ಧ ಅಲ್ಲಿಂದಲೇ ನುಸುಳುತ್ತದೆ, ಆ ಪದದ ಬೆಲೆಯನ್ನು ಎಲ್ಲೋ ಹಳ್ಳಿಯಲ್ಲಿರುವ ಯಾರೋ ತೆರುತ್ತಾರೆ.

ನಡುವೆ, 1970ರ ಸೆಪ್ಟೆಂಬರ್ 1ರಂದು, ಇನ್ನೂ ನೇರವಾದ ಒಂದು ಪ್ರಯತ್ನ ನಡೆಯಿತು. ಸೆನೆಟರ್‌ಗಳಾದ ಮೆಕ್‌ಗವರ್ನ್ ಮತ್ತು ಹ್ಯಾಟ್‌ಫೀಲ್ಡ್, 1971ರ ಕೊನೆಯೊಳಗೆ ಎಲ್ಲ ಸೈನಿಕರೂ ವಾಪಸಾಗಬೇಕು, ಆಮೇಲೆ ದುಡ್ಡಿಲ್ಲ ಎಂದರು. ಮೆಕ್‌ಗವರ್ನ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ಪೈಲಟ್ ಆಗಿದ್ದವರು. ಸುಮಾರು 50,000 ಹುಡುಗರನ್ನು ಮಣ್ಣಿಗೆ ಕಳಿಸಿದ ಹೊಣೆಯಲ್ಲಿ ಇಲ್ಲಿ ಕೂತ ಪ್ರತಿಯೊಬ್ಬ ಸೆನೆಟರನಿಗೂ ಪಾಲಿದೆ, ಈ ಸದನ ರಕ್ತದ ವಾಸನೆ ಹೊಡೆಯುತ್ತಿದೆ ಎಂದು ಅವರು ಹೇಳಿದಾಗ ಸದನ ಸ್ತಬ್ಧವಾಯಿತು. ಮತಕ್ಕೆ ಹಾಕಿದರು. 55–39ರಿಂದ ಬಿದ್ದುಹೋಯಿತು.

ನ್ಯಾಯಾಲಯದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಯೆಟ್ನಾಂಗೆ ಹೋಗಲು ಆದೇಶ ಬಂದ ಸೈನಿಕರು, ಕಾಂಗ್ರೆಸ್ ಯುದ್ಧ ಘೋಷಿಸಿಲ್ಲ, ನಮ್ಮನ್ನು ಹೇಗೆ ಕಳಿಸುತ್ತೀರಿ ಎಂದು ನ್ಯಾಯಾಲಯಕ್ಕೆ ಹೋದರು. 1971ರಲ್ಲಿ ನ್ಯೂಯಾರ್ಕ್‌ನ ಮೇಲ್ಮನವಿ ನ್ಯಾಯಾಲಯ ಹೇಳಿತು: ಕಾಂಗ್ರೆಸ್ ವರ್ಷ ವರ್ಷವೂ ಹಣ ಮಂಜೂರು ಮಾಡಿದೆ, ಕಡ್ಡಾಯ ಸೇನಾ ಭರ್ತಿ ಮುಂದುವರಿಸಿದೆ, ಅದೇ ಒಪ್ಪಿಗೆ. ಜಾನ್ಸನ್ 1965ರಲ್ಲಿ ಕಟ್ಟಿದ ಗಂಟು ಬಿಗಿಯಾಗಿಯೇ ಕೂತಿತ್ತು. ಎರಡು ವರ್ಷದ ಮೇಲೆ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಬೇರೆಯೇ ಮಾತಾಡಿತು. ಪ್ರತಿನಿಧಿ ಸಭೆಯ ಸದಸ್ಯ ಪ್ಯಾರೆನ್ ಮಿಚೆಲ್ ಮತ್ತಿತರರು ಹೂಡಿದ ಮೊಕದ್ದಮೆ ಅದು. ಯುದ್ಧವನ್ನು ವಿರೋಧಿಸುವ ಸದಸ್ಯನೂ ಅಪಾಯದಲ್ಲಿರುವ ಸೈನಿಕರನ್ನು ಕೈಬಿಡಲಾಗದೆ ಹಣಕ್ಕೆ ಮತ ಹಾಕುತ್ತಾನೆ, ಆ ಕರುಣೆಯನ್ನು ಯುದ್ಧಕ್ಕೆ ಕೊಟ್ಟ ಸಮ್ಮತಿ ಎಂದು ನ್ಯಾಯಾಲಯ ಓದಲಾಗದು ಎಂದಿತು. 1848ರ ಲಿಂಕನ್‌ಗೆ 125 ವರ್ಷದ ನಂತರ ಸಿಕ್ಕ ಸಮರ್ಥನೆಯಂತೆ ಇದನ್ನು ನಾನು ಓದುತ್ತೇನೆ. ಆದರೂ ಆ ನ್ಯಾಯಾಲಯ ಯುದ್ಧ ನಿಲ್ಲಿಸಲಿಲ್ಲ.

ಈಗ 1973ಕ್ಕೆ ಬರೋಣ. ಜನವರಿ 27ರಂದು ಪ್ಯಾರಿಸ್ ಒಪ್ಪಂದವಾಯಿತು. ಮಾರ್ಚ್ ಕೊನೆಗೆ ಯುದ್ಧಕೈದಿಗಳು ಮನೆಗೆ ಬಂದರು, ವಿಯೆಟ್ನಾಂನಲ್ಲಿದ್ದ ಕೊನೆಯ ಪಡೆಯೂ ಬಂತು. ಲಿಂಕನ್ ಕಾಲದಿಂದ ಕಾಡಿದ ಆ ಸಂಕಟ, ಸೈನಿಕನ ಬುತ್ತಿಯ ಸಂಕಟ, ಈಗ ಉಳಿದಿರಲಿಲ್ಲ. ಆದರೆ ಕಾಂಬೋಡಿಯಾದ ಮೇಲೆ ಬಾಂಬ್ ಬೀಳುತ್ತಲೇ ಇತ್ತು, ಹಿಂದೆಂದಿಗಿಂತಲೂ ಜೋರಾಗಿ. ಆ ವರ್ಷ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಬಿದ್ದದ್ದು ಸುಮಾರು 2.5 ಲಕ್ಷ ಟನ್. ಟಾಂಕಿನ್ ನಿರ್ಣಯವನ್ನು ಕಾಂಗ್ರೆಸ್ 1971ರಲ್ಲೇ ರದ್ದು ಮಾಡಿತ್ತು. ಹಾಗಾದರೆ ಯಾವ ಅಧಿಕಾರದಿಂದ? ನಮ್ಮ ಸೈನಿಕರ ರಕ್ಷಣೆಗೆ ಎಂದು ಹಿಂದೆ ಹೇಳುತ್ತಿದ್ದರು. ಈಗ ಸೈನಿಕರೇ ಅಲ್ಲಿಲ್ಲ.

ಆಗ ದುಡ್ಡು ಮುಗಿಯಿತು. ರಕ್ಷಣಾ ಇಲಾಖೆ ಬೇರೆ ಬಾಬತ್ತಿಗೆ ಮಂಜೂರಾದ ಹಣವನ್ನು ಪುನರ್ವಿನಿಯೋಗ ಮಾಡಿಕೊಳ್ಳಲು ಅನುಮತಿ ಕೇಳಿತು. ಕಚೇರಿ ಲೆಕ್ಕಪತ್ರ ನೋಡಿದವರಿಗೆ ಇದು ಗೊತ್ತು: ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಸರಿಸುವುದು. ಯಾರ ಕಣ್ಣಿಗೂ ಬೀಳದೆ ಹೋಗಬಹುದಾಗಿದ್ದ ಈ ಬೇಡಿಕೆಯನ್ನು ನ್ಯೂಯಾರ್ಕ್‌ನ ಜೋಸೆಫ್ ಅಡಾಬೊ ಹಿಡಿದರು. ಮೇ 10ರಂದು ಪ್ರತಿನಿಧಿ ಸಭೆ 219–188ರಿಂದ ಇದಕ್ಕೆ ತಡೆ ಹಾಕಿತು. ಈ ಯುದ್ಧದ ದುಡ್ಡಿಗೆ ಆ ಸದನ ಬೇಡ ಎಂದದ್ದು ಅದೇ ಮೊದಲು. 408–7ರಿಂದ 219–188ಕ್ಕೆ ಬರಲು ಎಂಟು ವರ್ಷ ಹಿಡಿಯಿತು.

ಸೆನೆಟ್‌ನಲ್ಲಿ ಮಿಸೌರಿಯ ಥಾಮಸ್ ಈಗಲ್ಟನ್ ಇನ್ನೂ ಮುಂದೆ ಹೋದರು. ಈ ಮಸೂದೆಯ ಹಣ ಮಾತ್ರವಲ್ಲ, ಹಿಂದೆ ಮಂಜೂರಾಗಿ ಉಳಿದಿರುವ ಯಾವ ಹಣವೂ ಲಾವೋಸ್, ಕಾಂಬೋಡಿಯಾದ ಕದನಕ್ಕೆ ಬಳಕೆಯಾಗಕೂಡದು ಎಂದು ಬರೆದರು. ಇದು ಯಾಕೆ ಮುಖ್ಯ? ಹೊಸ ಕೊಡಕ್ಕೆ ಮುಚ್ಚಳ ಹಾಕಿದರೆ ಹಳೆಯ ಕೊಡದಿಂದ ಮೊಗೆದುಕೊಳ್ಳುತ್ತಾರೆ. ಜೊತೆಗೆ 1861ರ ಒಂದು ಕಾನೂನು ಬೇರೆ ಇದೆ, ಕುದುರೆಪಡೆಯ ಕಾಲದ್ದು. ಮೇವು, ಬಟ್ಟೆ, ಆಹಾರ, ಸಾಗಣೆಯಂಥ ತುರ್ತು ಅಗತ್ಯಗಳಿಗೆ ಮಂಜೂರಾತಿ ಇಲ್ಲದೆಯೂ ಸೇನೆ ಸಾಲದ ಕರಾರು ಮಾಡಿಕೊಳ್ಳಬಹುದು ಎನ್ನುವ ಅದು ಇವತ್ತಿಗೂ ಜೀವಂತ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಈಗಲ್ಟನ್ ರಂಗೋಲಿಯ ಕೆಳಗೂ ಕಣ್ಣಿಟ್ಟರು.

ಜೂನ್ 27ರಂದು ನಿಕ್ಸನ್ ಆ ಮಸೂದೆಗೆ ವೀಟೊ ಹಾಕಿದರು. ವೀಟೊ ಮುರಿಯಲು ಮೂರನೇ ಎರಡು ಭಾಗ ಮತ ಬೇಕು. ಪ್ರತಿನಿಧಿ ಸಭೆಯಲ್ಲಿ ಬಿದ್ದದ್ದು 241–173, ಬೇಕಾದ್ದಕ್ಕಿಂತ 35 ಕಡಿಮೆ. ಇಲ್ಲಿ ಸ್ವಲ್ಪ ನಿಲ್ಲಿ. ಅಧ್ಯಕ್ಷರ ಬೆನ್ನಿಗೆ ಒಂದು ಸದನದ ಮೂರನೇ ಒಂದು ಭಾಗಕ್ಕಿಂತ ಒಬ್ಬ ಹೆಚ್ಚು ನಿಂತರೂ ಸಾಕು, ಯುದ್ಧ ಮುಂದುವರಿಯುತ್ತದೆ. ಆರಂಭಿಸಲು ಕಾಂಗ್ರೆಸ್ಸಿನ ಬಹುಮತ ಬೇಕಿದ್ದ ಕೆಲಸವನ್ನು ನಿಲ್ಲಿಸಲು ಮೂರನೇ ಎರಡು ಭಾಗ ಬೇಕಾಗುವ ಸ್ಥಿತಿ. ಸಂವಿಧಾನ ಬರೆದವರು ಹಾಕಿದ್ದ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು.

ಆದರೆ ತಾರೀಖು ಕಾಂಗ್ರೆಸ್ಸಿನ ಕಡೆ ಇತ್ತು. ಆಗ ಅಮೆರಿಕದ ಆರ್ಥಿಕ ವರ್ಷ ಮುಗಿಯುತ್ತಿದ್ದುದು ಜೂನ್ 30ಕ್ಕೆ. ನಮ್ಮ ಲೇಖಾನುದಾನದಂಥ ತಾತ್ಕಾಲಿಕ ಮಂಜೂರಾತಿ ಇಲ್ಲದೆ ಜುಲೈ 1ರಿಂದ ಸರಕಾರವೇ ನಡೆಯುವುದಿಲ್ಲ. ಸೆನೆಟ್‌ನ ಬಹುಮತದ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್, ಮುಂದಿನ ಪ್ರತಿ ಮಸೂದೆಗೂ ಇದೇ ತಿದ್ದುಪಡಿಯನ್ನು ಮತ್ತೆ ಮತ್ತೆ ಅಂಟಿಸುತ್ತೇವೆ ಎಂದು ಪಟ್ಟು ಹಿಡಿದರು. ಅದೇ ವಾರ, ಸೆನೆಟ್‌ನ ಇನ್ನೊಂದು ಕೊಠಡಿಯಲ್ಲಿ ನಿಕ್ಸನ್ ಅವರ ಮಾಜಿ ಕಾನೂನು ಸಲಹೆಗಾರ ಜಾನ್ ಡೀನ್, ವಾಟರ್‌ಗೇಟ್ ಹಗರಣದ ಬಗ್ಗೆ ಅಧ್ಯಕ್ಷರ ವಿರುದ್ಧ ಸಾಕ್ಷಿ ಹೇಳುತ್ತಿದ್ದರು. ನಿಕ್ಸನ್ ಬಾಗಿದರು. ಪ್ರತಿನಿಧಿ ಸಭೆಯ ರಿಪಬ್ಲಿಕನ್ ನಾಯಕ ಜೆರಾಲ್ಡ್ ಫೋರ್ಡ್ ಕ್ಯಾಲಿಫೋರ್ನಿಯಾದಲ್ಲಿದ್ದ ಅಧ್ಯಕ್ಷರಿಗೆ ಫೋನ್ ಮಾಡಿ, ಆಗಸ್ಟ್ 15ರ ಗಡುವಿಗೆ ಅವರು ಒಪ್ಪಿದ್ದಾರೆ ಎಂದು ಸದನಕ್ಕೆ ತಿಳಿಸಿದರು. ಜುಲೈ 1ರಂದು ರುಜು ಬಿತ್ತು.

ಆ ಕಾನೂನಿನ ವಾಕ್ಯ ಕೇಳಿ. ಅದರ ಸಾರ ಹೀಗೆ: 1973ರ ಆಗಸ್ಟ್ 15ರಂದು ಅಥವಾ ಆಮೇಲೆ, ಈಗ ಮಂಜೂರಾದ ಅಥವಾ ಹಿಂದೆ ಮಂಜೂರಾದ ಯಾವ ಹಣವನ್ನೂ, ಉತ್ತರ ವಿಯೆಟ್ನಾಂ, ದಕ್ಷಿಣ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ಒಳಗೆ, ಮೇಲೆ, ಅಥವಾ ತೀರದಾಚೆಯಿಂದ, ಅಮೆರಿಕದ ಪಡೆಗಳು ನಡೆಸುವ ಕದನಕ್ಕೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಬಳಸಕೂಡದು. ಒಂದೊಂದು ಪದವೂ ಹಿಂದೊಮ್ಮೆ ಬಿಟ್ಟುಹೋಗಿದ್ದ ಸಂದನ್ನು ಮುಚ್ಚುತ್ತದೆ. ‘ಒಳಗೆ’ ಎಂದರೆ ಕಾಲಾಳು. ‘ಮೇಲೆ’ ಎಂದರೆ ಬಿ-52 ಬಾಂಬರ್ ವಿಮಾನ. ‘ತೀರದಾಚೆಯಿಂದ’ ಎಂದರೆ ಯುದ್ಧನೌಕೆ. ‘ಹಿಂದೆ ಮಂಜೂರಾದ’ ಎಂದರೆ ಹಳೆಯ ಕೊಡ. ತರಗತಿಯಲ್ಲಿ ಪಾಠ ಮಾಡುವಾಗ ನಾನು ಈ ವಾಕ್ಯವನ್ನು ಬೋರ್ಡಿನ ಮೇಲೆ ಪೂರ್ತಿ ಬರೆಸುತ್ತಿದ್ದೆ. ವ್ಯಾಕರಣ ಮನುಷ್ಯರ ಜೀವ ಉಳಿಸಿದ್ದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದು.

ಆದರೆ ‘ಆಗಸ್ಟ್ 15’ ಎಂಬ ಪದವೂ ಆ ವಾಕ್ಯದಲ್ಲೇ ಇದೆ. ನಡುವೆ 45 ದಿನ. ಈ ರಾಜಿಯನ್ನು ಈಗಲ್ಟನ್ ಒಪ್ಪಲಿಲ್ಲ. ಅಧಿಕಾರವಿಲ್ಲದ ಬಾಂಬ್ ದಾಳಿಗೆ ನಾವೇ 45 ದಿನದ ಪರವಾನಗಿ ಕೊಟ್ಟಂತಾಗುತ್ತದೆ ಎಂಬುದು ಅವರ ವಾದ. ಬ್ರೂಕ್ಲಿನ್‌ನಿಂದ ಹಿಂದಿನ ವರ್ಷ ಪ್ರತಿನಿಧಿ ಸಭೆಗೆ ಆರಿಸಿ ಬಂದಿದ್ದ ಎಲಿಜಬೆತ್ ಹೋಲ್ಟ್‌ಜ್‌ಮನ್, ಕೆಲವು ವಾಯುಪಡೆ ಅಧಿಕಾರಿಗಳ ಜೊತೆ ಸೇರಿ ನ್ಯಾಯಾಲಯಕ್ಕೆ ಹೋದರು. ಜುಲೈ 25ರಂದು ನ್ಯಾಯಾಧೀಶ ಆರಿನ್ ಜಡ್ ಬಾಂಬ್ ದಾಳಿ ನಿಲ್ಲಿಸಿ ಎಂದು ಆದೇಶಿಸಿದರು. ಮೇಲ್ಮನವಿ ನ್ಯಾಯಾಲಯ ಆ ಆದೇಶಕ್ಕೆ ತಡೆ ಕೊಟ್ಟಿತು. ಸುಪ್ರೀಂ ಕೋರ್ಟ್ ರಜೆಯಲ್ಲಿತ್ತು. ನ್ಯಾಯಮೂರ್ತಿ ಮಾರ್ಷಲ್ ಆ ತಡೆಯನ್ನು ತೆರವು ಮಾಡಲು ಒಪ್ಪಲಿಲ್ಲ. ಅರ್ಜಿದಾರರು ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಬೆಟ್ಟಗಳಲ್ಲಿ ರಜೆ ಕಳೆಯುತ್ತಿದ್ದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರನ್ನು ಹುಡುಕಿಕೊಂಡು ಹೋದರು. ಯಾಕಿಮಾ ಎಂಬ ಊರಿನಲ್ಲಿ ವಿಚಾರಣೆ ನಡೆಸಿ, ಇದನ್ನು ಮರಣದಂಡನೆಯ ಪ್ರಕರಣದಂತೆ ನೋಡಬೇಕು ಎಂದರು ಡಗ್ಲಸ್. ಯಾರು ಸಾಯುತ್ತಾರೆ ಎಂದು ನಮಗೆ ತಿಳಿಯದು, ಕಾಂಬೋಡಿಯಾದ ರೈತನೋ ಅಮೆರಿಕದ ಪೈಲಟ್ಟೋ. ಆದರೆ ಯಾರೋ ಸಾಯುತ್ತಾರೆ. ಆಗಸ್ಟ್ 4ರಂದು ಅವರು ಜಡ್ ಆದೇಶಕ್ಕೆ ಮತ್ತೆ ಜೀವ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಮಾರ್ಷಲ್, ಉಳಿದ ನ್ಯಾಯಮೂರ್ತಿಗಳನ್ನು ಫೋನಿನಲ್ಲಿ ಸಂಪರ್ಕಿಸಿ, ಅದನ್ನು ತಡೆದರು.

ಎರಡು ದಿನದ ಮೇಲೆ, ಆಗಸ್ಟ್ 6ರಂದು, ಮೆಕಾಂಗ್ ನದಿಯ ದಂಡೆಯ ನೆಯಕ್ ಲುವಾಂಗ್ ಎಂಬ ಊರಿನ ಮೇಲೆ ಬಿ-52 ವಿಮಾನ ತಪ್ಪಾಗಿ ಬಾಂಬ್ ಸುರಿಯಿತು. ಅದು ಶತ್ರುವಿನ ಊರಲ್ಲ, ಅಮೆರಿಕ ಬೆಂಬಲಿಸುತ್ತಿದ್ದ ಸರಕಾರದ ಕೈಯಲ್ಲಿದ್ದ ಊರು. 137 ಜನ ಸತ್ತರು. ಆಗಸ್ಟ್ 15ಕ್ಕೆ ಒಂಬತ್ತು ದಿನ ಬಾಕಿ ಇತ್ತು.

ಹದಿನೈದನೇ ತಾರೀಖು ಬಂತು, ಬಾಂಬ್ ದಾಳಿ ನಿಂತಿತು. ಜಗತ್ತಿನ ಅತ್ಯಂತ ಬಲಿಷ್ಠ ವಾಯುಪಡೆ ಒಂದು ಹಣಕಾಸು ಕಾನೂನಿನ ಗಡುವಿಗೆ ತಲೆಬಾಗಿ ನಿಂತದ್ದನ್ನು ನಾವು ಮರೆಯಬಾರದು. ತಡವಾಯಿತು, ನಿಜ. ಆದರೆ ನಿಂತಿತು.

ಇನ್ನೊಂದು ವಿಷಯವೂ ಅದೇ ಜುಲೈನಲ್ಲಿ ಹೊರಬಿತ್ತು. 1969ರ ಮಾರ್ಚ್‌ನಿಂದ ಹದಿನಾಲ್ಕು ತಿಂಗಳು ಬಿ-52ಗಳು ಗುಟ್ಟಾಗಿ ಕಾಂಬೋಡಿಯಾದ ಮೇಲೆ 3,500ಕ್ಕೂ ಹೆಚ್ಚು ಬಾರಿ ದಾಳಿ ಮಾಡಿದ್ದವು. ದಾಖಲೆಯಲ್ಲಿ ಬರೆದದ್ದು ದಕ್ಷಿಣ ವಿಯೆಟ್ನಾಂನ ಗುರಿಗಳೆಂದು. ಸುಳ್ಳು ಲೆಕ್ಕ ಬರೆಯುವ ಕೆಲಸದಲ್ಲಿ ಭಾಗಿಯಾಗಿದ್ದ ಮಾಜಿ ಮೇಜರ್ ಒಬ್ಬರು ಸೆನೆಟ್ ಸಮಿತಿಯ ಮುಂದೆ ಅದನ್ನು ಬಿಚ್ಚಿಟ್ಟರು. 1969ರ ಡಿಸೆಂಬರ್‌ನಲ್ಲಿ ಕೂಪರ್ ಮತ್ತು ಚರ್ಚ್ ಕಾಂಬೋಡಿಯಾದ ಹೆಸರು ಬರೆಯದೆ ಬಿಟ್ಟದ್ದು ನೆನಪಿದೆಯೇ? ಅವರು ಆ ವಾಕ್ಯ ಬರೆಯುತ್ತಿದ್ದಾಗಲೇ ಅಲ್ಲಿ ಬಾಂಬ್ ಬೀಳುತ್ತಿತ್ತು. ಲೆಕ್ಕ ಸುಳ್ಳಾದರೆ ಬೀಗದ ಕೈ ಹಿಡಿದವನಿಗೆ ಯಾವ ಕೋಣೆಗೆ ಬೀಗ ಹಾಕಬೇಕೆಂದೇ ಗೊತ್ತಾಗುವುದಿಲ್ಲ.

ನವೆಂಬರ್ 7ರಂದು ನಿಕ್ಸನ್ ಅವರ ವೀಟೊ ಮುರಿದು ಯುದ್ಧಾಧಿಕಾರ ನಿರ್ಣಯ ಕಾನೂನಾಯಿತು. ಒಪ್ಪಿಗೆ ಸಿಗದಿದ್ದರೆ ಅಧ್ಯಕ್ಷರು 60 ದಿನದಲ್ಲಿ ಪಡೆ ಹಿಂತೆಗೆಯಬೇಕು ಎಂಬ ಅದರ ನಿಯಮವನ್ನೇ ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಅದರ ಎಂಟನೇ ಕಲಂ. ಯಾವುದೇ ಅನುದಾನವನ್ನು, ಅದರಲ್ಲಿ ಸ್ಪಷ್ಟವಾಗಿ ಹಾಗೆಂದು ಬರೆಯದ ಹೊರತು, ಯುದ್ಧಕ್ಕೆ ಒಪ್ಪಿಗೆ ಎಂದು ತಿಳಿಯಕೂಡದು ಎನ್ನುತ್ತದೆ ಅದು. ಜಾನ್ಸನ್ 70 ಕೋಟಿಯ ಜೊತೆ ಪಡೆದುಕೊಂಡ ರುಜುವನ್ನು ಇನ್ನು ಯಾರೂ ಹಾಗೆ ಪಡೆಯಬಾರದು ಎಂಬುದೇ ಇದರ ಉದ್ದೇಶ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. 1975ರ ಏಪ್ರಿಲ್ 17ರಂದು ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್, ಅಲ್ಲಿನ ಕಮ್ಯುನಿಸ್ಟ್ ಬಂಡುಕೋರರಾದ ಖಮೇರ್ ರೂಜ್ ಕೈಗೆ ಬಿತ್ತು, 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಬಿತ್ತು. ಅಧ್ಯಕ್ಷರಾಗಿದ್ದ ಫೋರ್ಡ್ ಕೊನೆಯ ಗಳಿಗೆಯಲ್ಲಿ ಕೇಳಿದ 72.2 ಕೋಟಿ ಡಾಲರ್ ಸೇನಾ ನೆರವನ್ನು ಕಾಂಗ್ರೆಸ್ ಕೊಡಲಿಲ್ಲ. ಕಾಂಬೋಡಿಯಾದಲ್ಲಿ ಮುಂದಿನ ನಾಲ್ಕು ವರ್ಷದೊಳಗೆ 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. ದುಡ್ಡು ನಿಲ್ಲಿಸಿದವರ ಕೈಗೆ ಈ ರಕ್ತ ಅಂಟಿಲ್ಲವೇ ಎಂದು ಕೇಳುವವರಿದ್ದಾರೆ. ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ನನ್ನ ಉತ್ತರ ಇಷ್ಟು. ಆ ದೇಶವನ್ನು ಯುದ್ಧಕ್ಕೆ ಎಳೆದದ್ದು ಗುಟ್ಟಿನಲ್ಲಿ, ಸುಳ್ಳು ಲೆಕ್ಕದಲ್ಲಿ. ಹಳ್ಳಿ ಕಳೆದುಕೊಂಡ ರೈತರ ಮಕ್ಕಳು ಎಲ್ಲಿಗೆ ಹೋಗಿ ಸೇರಿದರು ಎಂಬುದನ್ನೂ ನೋಡಬೇಕು. ಚರ್ಚೆ 1969ರಲ್ಲಿ ಬಯಲಿನಲ್ಲಿ ನಡೆದಿದ್ದರೆ 1973ರಲ್ಲಿ ಇಂಥ ಕ್ರೂರವಾದ ಆಯ್ಕೆಯೇ ಎದುರಾಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಅಂಗೋಲಾದಲ್ಲಿ ಸಿಐಎ ಗುಟ್ಟಾಗಿ ನಡೆಸುತ್ತಿದ್ದ ಯುದ್ಧಕ್ಕೆ 1975ರ ಡಿಸೆಂಬರ್ 19ರಂದು ಸೆನೆಟ್ 54–22ರಿಂದ ತಡೆ ಹಾಕಿತು. ಟನಿ ತಿದ್ದುಪಡಿ ಎಂದು ಅದರ ಹೆಸರು. ಗುಪ್ತ ಮಾಹಿತಿ ಸಂಗ್ರಹವೊಂದನ್ನು ಬಿಟ್ಟು ಅಂಗೋಲಾದಲ್ಲಿ ಯಾವ ಚಟುವಟಿಕೆಗೂ ನೇರವಾಗಿಯೋ ಪರೋಕ್ಷವಾಗಿಯೋ ಹಣ ಇಲ್ಲ. ಸಣ್ಣ, ಬಿಗಿಯಾದ ವಾಕ್ಯ. ಅಲ್ಲಿ ಅಮೆರಿಕದ ಸೈನಿಕರು ಇರಲಿಲ್ಲ, ಆದ್ದರಿಂದ ಕೈ ನಡುಗಲಿಲ್ಲ. ಕಾಂಗ್ರೆಸ್ ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಇದೆಂದು ನಾನು ಎಣಿಸುತ್ತೇನೆ.

ನಿಕರಾಗುವಾ ವಿಷಯದಲ್ಲಿ ವಾಕ್ಯ ಸಡಿಲಾಯಿತು. 1982ರ ಡಿಸೆಂಬರ್‌ನಲ್ಲಿ ಎಡ್ವರ್ಡ್ ಬೋಲಂಡ್ ತಂದ ತಿದ್ದುಪಡಿ 411–0ರಿಂದ ಪಾಸಾಯಿತು. ನಿಕರಾಗುವಾ ಸರಕಾರವನ್ನು ಉರುಳಿಸುವ ‘ಉದ್ದೇಶಕ್ಕೆ’ ಕಾಂಟ್ರಾ ಬಂಡುಕೋರರಿಗೆ ಹಣ ಕೊಡಕೂಡದು ಎಂದಿತ್ತು ಅದು. ಒಬ್ಬರೂ ವಿರೋಧಿಸದ ಮಸೂದೆ ಎಂದರೆ ನನಗೆ ಈಗ ಅನುಮಾನ ಬರುತ್ತದೆ. ಅದರಲ್ಲಿ ಯಾರಿಗೂ ನೋಯುವ ಪದ ಇರುವುದಿಲ್ಲ. ನಮ್ಮ ಉದ್ದೇಶ ಸರಕಾರ ಉರುಳಿಸುವುದಲ್ಲ, ಶಸ್ತ್ರ ಸಾಗಣೆ ತಡೆಯುವುದು ಎಂದು ರೇಗನ್ ಆಡಳಿತ ಹೇಳಿ ಹಣ ಕೊಡುತ್ತಲೇ ಹೋಯಿತು. ಸಿಐಎ ನಿಕರಾಗುವಾದ ಬಂದರುಗಳಲ್ಲಿ ಸಿಡಿಮದ್ದು ಹುದುಗಿಸಿದ್ದು ಬಯಲಾದ ಮೇಲೆ, 1984ರ ಅಕ್ಟೋಬರ್‌ನಲ್ಲಿ ಬೋಲಂಡ್ ಬಿಗಿಯಾದ ಎರಡನೇ ವಾಕ್ಯ ತಂದರು: ಸಿಐಎ, ರಕ್ಷಣಾ ಇಲಾಖೆ, ಗುಪ್ತಚರ ಕೆಲಸದಲ್ಲಿ ತೊಡಗಿದ ಬೇರೆ ಯಾವ ಸಂಸ್ಥೆಯೂ ಹಣ ಖರ್ಚು ಮಾಡಕೂಡದು. ಆಗ ಶ್ವೇತಭವನದ ರಾಷ್ಟ್ರೀಯ ಭದ್ರತಾ ಮಂಡಳಿಯ ಆಲಿವರ್ ನಾರ್ತ್, ನಮ್ಮದು ಗುಪ್ತಚರ ಸಂಸ್ಥೆಯೇ ಅಲ್ಲ ಎಂಬ ಆಸರೆಯಲ್ಲಿ ಕೆಲಸ ಮುಂದುವರಿಸಿದರು. ಇರಾನ್‌ಗೆ ಗುಟ್ಟಾಗಿ ಕ್ಷಿಪಣಿ ಮಾರಿ ಬಂದ ಲಾಭ ಕಾಂಟ್ರಾಗಳಿಗೆ ಹೋಯಿತು. ಸೌದಿ ಅರೇಬಿಯಾದಿಂದ ಹಣ ಬಂತು. ಬ್ರೂನೈ ಸುಲ್ತಾನರು ಕೊಟ್ಟ ಒಂದು ಕೋಟಿ ಡಾಲರ್, ಖಾತೆ ಸಂಖ್ಯೆಯ ಅಂಕಿಗಳು ಅದಲುಬದಲಾಗಿ, ಸ್ವಿಟ್ಜರ್ಲೆಂಡಿನಲ್ಲಿ ಬೇರೆ ಯಾರದೋ ಖಾತೆಗೆ ಬಿತ್ತು. ದೇಶದ ಬೊಕ್ಕಸಕ್ಕೆ ಬೀಗ ಬಿದ್ದರೆ ಪರದೇಶದ ಬೊಕ್ಕಸದಿಂದ ಯುದ್ಧ ನಡೆಸುವ ಈ ದಾರಿ ಸಂವಿಧಾನದ ಬುಡಕ್ಕೇ ಕೊಡಲಿ ಹಾಕುವಂಥದ್ದು. 1986ರ ನವೆಂಬರ್‌ನಲ್ಲಿ ಹಗರಣ ಹೊರಬಂತು. ಶಿಕ್ಷೆಗೊಳಗಾದವರೂ ವಿಚಾರಣೆಗೆ ಕಾಯುತ್ತಿದ್ದವರೂ ಸೇರಿ ಆರು ಜನರಿಗೆ ಅಧ್ಯಕ್ಷ ಜಾರ್ಜ್ ಬುಷ್ 1992ರ ಕ್ರಿಸ್‌ಮಸ್ ಮುನ್ನಾದಿನ ಕ್ಷಮಾದಾನ ಕೊಟ್ಟರು.

ಕೊನೆಯದಾಗಿ ಲಿಬಿಯಾ. 2011ರ ಮಾರ್ಚ್ 19ರಂದು ದಾಳಿ ಆರಂಭವಾಯಿತು. ಮೇ ತಿಂಗಳಲ್ಲಿ 60 ದಿನದ ಗಡುವು ಮುಗಿಯಿತು. ಒಬಾಮಾ ಆಡಳಿತ, ನೆಲದ ಮೇಲೆ ನಮ್ಮ ಸೈನಿಕರಿಲ್ಲ, ಆದ್ದರಿಂದ ಇದು ಕಾನೂನು ಹೇಳುವ ‘ಕದನ’ವೇ ಅಲ್ಲ ಎಂದಿತು. ನಲವತ್ತು ವರ್ಷದ ಹಿಂದಿನ ಅದೇ ‘ನೆಲ’. ಜೂನ್ 24ರಂದು ಪ್ರತಿನಿಧಿ ಸಭೆಯ ಮುಂದೆ ಎರಡು ಪ್ರಶ್ನೆ ಬಂದವು. ಈ ಕಾರ್ಯಾಚರಣೆಗೆ ಒಪ್ಪಿಗೆ ಕೊಡೋಣವೇ? 123 ಪರ, 295 ವಿರುದ್ಧ. ಹಾಗಾದರೆ ಹಣಕ್ಕೆ ಮಿತಿ ಹಾಕೋಣವೇ? 180 ಪರ, 238 ವಿರುದ್ಧ. ವಿಮಾನಗಳಿಗೆ ಆಕಾಶದಲ್ಲೇ ಇಂಧನ ತುಂಬುವುದು, ಗುಪ್ತ ಮಾಹಿತಿ ಒದಗಿಸುವುದು ಹೀಗೆ ವಿನಾಯಿತಿಗಳೇ ಹೆಚ್ಚಾಗಿವೆ, ಇದು ಹಿಂಬಾಗಿಲಿನ ಒಪ್ಪಿಗೆಯಾಗುತ್ತದೆ ಎಂದು ಕೆಲವು ಯುದ್ಧವಿರೋಧಿಗಳೂ ಆ ಎರಡನೆಯದನ್ನು ತಿರಸ್ಕರಿಸಿದ್ದರು. ಒಂದೇ ದಿನ, ಒಂದೇ ಸದನ. ಹೂಂ ಎನ್ನಲೂ ಇಲ್ಲ, ಸಾಕು ಎನ್ನಲೂ ಇಲ್ಲ. ಕಾರ್ಯಾಚರಣೆ ಅಕ್ಟೋಬರ್ 31ರವರೆಗೆ ನಡೆಯಿತು.